ಹಿಡಿದಿಟ್ಟ ಸೀಟುಗಳು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಫೋಟೊ. ಅದೂ ಇನ್ನೂ ತೆಗೆದಿರದ ಫೋಟೊ.

ಪುಣೆಯ ಅಂತರರಾಷ್ಟ್ರೀಯ ಚಿತ್ರೋತ್ಸವವೊಂದಕ್ಕೆ ವೆಲ್ದೋವಿಯಾ ಎಂಬ ದೇಶ ತನ್ನ ಸಿನಿಮಾಗಳನ್ನು ಹೊತ್ತು ಬಂದಿತ್ತು. ನಕಾಶೆಯಲ್ಲಿ ಅದನ್ನು ಹುಡುಕಬೇಕಾದರೆ ಕನ್ನಡಕ ಒರೆಸಿಕೊಳ್ಳಬೇಕು. ದೇಶ ಚಿಕ್ಕದಾದರೂ ಪ್ರಚಾರಕ್ಕೇನೂ ಕಡಿಮೆಯಿರಲಿಲ್ಲ. ಸ್ಟಾಲು ಹಾಕಿ ಬಣ್ಣದ ಪುಸ್ತಕ, ಕೈಚೀಲ, ಫ್ರಿಜ್ಜಿಗೆ ಅಂಟಿಸುವ ಹಿಮಪರ್ವತ ಎಲ್ಲ ಪುಕ್ಕಟೆ ಹಂಚುತ್ತಿದ್ದರು. ಜನ ಕೈಚೀಲ ಎತ್ತಿಕೊಂಡು ಪುಸ್ತಕವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ನಿಯೋಗದ ಮುಖ್ಯಸ್ಥೆ ಎಲ್ಜಾ ಮೇಡಂಗೆ ಬೇಕಾಗಿದ್ದದ್ದು ಜನ ತುಂಬಿದ ಥಿಯೇಟರಿನ ಒಂದು ಫೋಟೊ. ಅದು ಊರಿಗೆ ಹೋದರೆ ಮಾತ್ರ ಅವರ ಸರ್ಕಾರ ಮುಂದಿನ ವರ್ಷವೂ ಇವರನ್ನು ವಿಮಾನ ಹತ್ತಿಸುತ್ತಿತ್ತು. ಅವರ ಮುಖ್ಯ ಚಿತ್ರ ಇವತ್ತೇ ಮಧ್ಯಾಹ್ನ ಮೂರಕ್ಕೆ. ಸೀಟು ಇನ್ನೂರ ನಲವತ್ತು. ಬೆಳಿಗ್ಗೆ ಹತ್ತರ ತನಕ ಬುಕ್ ಆದದ್ದು ಹನ್ನೊಂದು, ಅದರಲ್ಲೂ ನಾಲ್ಕು ನಿಯೋಗದವರದೇ.

ಈ ಪ್ರಚಾರದ ಗುತ್ತಿಗೆ ಹಿಡಿದವನು ಸೊಲ್ಲಾಪುರದ ಮೋಹನದಾಸ್. ಅವನ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಓಡಾಡುತ್ತಿದ್ದವನು ನಮ್ಮ ಬಸವಲಿಂಗ. ಒಂಬತ್ತು ವರ್ಷವೂ ತಾತ್ಕಾಲಿಕ ನೌಕರ. ಇಂಡಿ ಎಂಬ ಊರಿನಲ್ಲಿರುವ ಅವನ ಮಾವ ಬೀಗರೆದುರು “ನಮ್ಮ ಅಳಿಯಂದಿರು, ಸದ್ಯಕ್ಕ ಪುಣ್ಯಾದಾಗ ಅದಾರ” ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಆ ‘ಸದ್ಯಕ್ಕ’ ಕೇಳಿದಾಗಲೆಲ್ಲ ಬಸವಲಿಂಗ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ.

“ಬಸವಲಿಂಗ, ಇಲ್ಲಿ ಕೇಳು,” ಎಂದ ಮೋಹನದಾಸ್. “ವೆಲ್ದೋವಿಯಾದವ್ರು ಪುಣ್ಯಾದಾಗ ಒಬ್ಬ ಖಾಯಂ ಪ್ರತಿನಿಧಿ ಇಡ್ತಾರಂತ. ಪತ್ರ ಟೈಪ್ ಆಗಿ ಮೇಡಂ ಬ್ಯಾಗಿನಾಗ ಅದ, ಹೆಸರೊಂದು ಬರೀಬೇಕು. ಮೂರಕ್ಕ ಹಾಲ್ ತುಂಬಿಸು, ನಿನ್ನ ಹೆಸರು ನಾ ಹೇಳ್ತೀನಿ.”

“ಸರ್, ಮೂರಕ್ಕ ಪುಣ್ಯಾದಾಗ ಮಂದಿ ಮಲಗಿರ್ತಾರ್ರಿ.”

“ಮಲಗ್ಲಿ. ಥಿಯೇಟರ್‌ನಾಗ ಬಂದು ಮಲಗ್ಲಿ. ಏಸಿ ಅದ.”

ಬಸವಲಿಂಗನಿಗೆ ಹೊಳೆದ ಹೆಸರು ಒಂದೇ: ಕಲ್ಲವ್ವ. ಪುಣೆಯ ಅಂಚಿನ ಖರಾಡಿಯ ಎತ್ತರದ ಕಟ್ಟಡಗಳ ಹಿಂದಿನ ಚಾಳಿನಲ್ಲಿ ಅವನ ಪಕ್ಕದ ಮನೆಯವಳು. ಅರವತ್ತು ದಾಟಿದ ಈಕೆ ಭಜನಾ ಮಂಡಳಿಯ ಯಜಮಾನಿ. ನಲ್ಲಿಯ ಹತ್ತಿರ ನಿಂತು ಒಂದು ಕೂಗು ಹಾಕಿದರೆ ಅರವತ್ತು ಹೆಂಗಸರು ಹೊರಗೆ ಬರುತ್ತಿದ್ದರು. ಫೋನು ಹಚ್ಚಿದ.

“ಪಿಚ್ಚರ್‌ದಾಗ ಹಾಡು ಅವೋ ಇಲ್ಲೋ, ತಮ್ಮಾ?” ಎಂದಳು ಕಲ್ಲವ್ವ.

“ಅವ ಆಯಿ, ಭಾಳ ಅವ,” ಎಂದ ಬಸವಲಿಂಗ. ಮೂರು ತಾಸಿನ ಆ ಚಿತ್ರದಲ್ಲಿ ಇದ್ದದ್ದು ಹನ್ನೊಂದು ಮಾತು, ಉಳಿದದ್ದು ಗಾಳಿ.

“ನಮಗ ಇವತ್ತ ಸಂಜೀಕ ಸಂಕ್ರಾಂತಿ ಅರಿಶಿನ ಕುಂಕುಮ ಅದ. ಹಂಗ ಹೊಂಟು ಬರ್ತೀವಿ. ಬಸ್ಸು ಕಳಸು. ಉಪ್ಪಿಟ್ಟು ಮಾಡ್ಸು, ಉದುರು ಉದುರು ಇರ್ಲಿ. ಇನ್ನೂರ ಮಂದಿ ಸಾಕೇನು?”

ಬಸವಲಿಂಗನಿಗೆ ಫೋನಿನಲ್ಲೇ ಅವಳ ಕಾಲಿಗೆ ಬೀಳಬೇಕೆನಿಸಿತು.

ಎರಡೂವರೆಗೆ ಬಸ್ಸು ಬಂತು. ಮೊದಲು ಇಳಿದವರು ಅದೇ ಚಾಳಿನ ಸಿದ್ರಾಮಪ್ಪ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು; ಸೀಟಿ ಮಾತ್ರ ಇನ್ನೂ ಜೇಬಿನಲ್ಲೇ ಇತ್ತು. ಅವರು ಊದಿದರು, ಹೆಂಗಸರು ಇಳಿದರು. ಬಸವಲಿಂಗ ಎಣಿಸಿದ. ಅರವತ್ತೆರಡು.

“ಆಯಿ, ಇನ್ನೂರ ಅಂದಿದ್ದಿ!”

“ಉಳದವ್ರು ಭಾಂಡೆ ತಿಕ್ಕಿ ಬರ್ತಾರ,” ಎಂದಳು ಕಲ್ಲವ್ವ. “ನೀ ಯಾಕ ಹೆದರ್ತಿ? ಸೀಟ್ ಹಿಡೀತೀವಿ.”

ಏನು ಮಾಡುತ್ತಾರೆಂದು ಬಸವಲಿಂಗನಿಗೆ ತಿಳಿಯುವ ಮೊದಲೇ ಕೆಲಸ ಮುಗಿದಿತ್ತು. ಅರಿಶಿನ ಕುಂಕುಮಕ್ಕೆ ಹಂಚಲು ತಂದಿದ್ದ ಜಂಪರ್ ಪೀಸುಗಳ, ಅಂದರೆ ರವಿಕೆ ಬಟ್ಟೆಗಳ, ಗಂಟು ಬಿಚ್ಚಿ, ಹೆಂಗಸರು ಸಾಲು ಸಾಲಾಗಿ ಹಾಸುತ್ತ ಹೋದರು. ಒಂದು ಸೀಟಿಗೆ ಒಂದು. ಹಳದಿ, ಹಸಿರು, ನೀಲಿ ಛಾಯೆಯ ಚಿಂತಾಮಣಿ ಬಣ್ಣ. ಪೀಸು ಮುಗಿದಾಗ ಮೂಗು ಒರೆಸುವ ದಸ್ತಿ ಬಂದವು, ದಸ್ತಿ ಮುಗಿದಾಗ ವೆಲ್ದೋವಿಯಾದ ಕೈಚೀಲಗಳು. ಕೊನೆಯ ಸಾಲಿನ ಮೂಲೆಯ ಸೀಟಿಗೆ ಸಿದ್ರಾಮಪ್ಪ ತಮ್ಮ ಟವೆಲ್ ಹಾಸಿದರು. ಐದು ನಿಮಿಷದಲ್ಲಿ ಇಡೀ ಥಿಯೇಟರಿನಲ್ಲಿ ಕೂಡಲು ಜಾಗವಿರಲಿಲ್ಲ, ಕೂತವರೂ ಹೆಚ್ಚಿರಲಿಲ್ಲ.

ಆಗಲೇ ನಿಜವಾದ ಪ್ರೇಕ್ಷಕರು ಬಂದರು. ಕೊರಳಲ್ಲಿ ಪಾಸು ನೇತುಹಾಕಿಕೊಂಡ ಸಿನಿಮಾ ವಿದ್ಯಾರ್ಥಿಗಳು ಮೂವತ್ತು ಜನ, ಬಿಳಿಗಡ್ಡದ ವಿಮರ್ಶಕರೊಬ್ಬರು. ವಿಮರ್ಶಕರು ಹಸಿರು ಜಂಪರ್ ಪೀಸನ್ನು ಎರಡು ಬೆರಳಲ್ಲಿ ಎತ್ತಿದ್ದೇ ತಡ, ಸೀಟಿ ಕೂಗಿತು.

“ಓ ಸಾಹೇಬ! ಜಾಗಾ ಧರ್ಲೇಲಿ ಆಹೇ!” ಎಂದರು ಸಿದ್ರಾಮಪ್ಪ ಮರಾಠಿಯಲ್ಲಿ, ಜಾಗ ಹಿಡಿದಾಗಿದೆ ಎಂದು.

ಬಸವಲಿಂಗ ಓಡಿಬಂದ. “ಕಾಕಾ, ಕೂಡ್ಲಿ ಬಿಡ್ರಿ! ನಮಗ ಮಂದೀನ ಬೇಕಾಗ್ಯಾರ!”

“ನೋಡು ಬಸವಲಿಂಗ, ಬಟ್ಟಿ ಹಾಕಿದ ಸೀಟಿಗೆ ನನ್ನ ಸರ್ವಿಸಿನಾಗ ಒಬ್ಬನ್ನೂ ಕೂಡಿಸಿಲ್ಲ. ಡಿಪೋ ಮ್ಯಾನೇಜರ್ ಬಂದ್ರೂ ನಿಲ್ಲಿಸೀನಿ.”

ವಿಮರ್ಶಕರು ಮೆಟ್ಟಿಲ ಮೇಲೆ ಕೂತರು. ವಿದ್ಯಾರ್ಥಿಗಳು ಚಹಾ ಕುಡಿಯಲು ಹೋದವರು ಮರಳಿ ಬರಲಿಲ್ಲ. ಮೂರಕ್ಕೆ ಐದು ನಿಮಿಷವಿತ್ತು. ಬಸವಲಿಂಗನ ಅಂಗಿ ಜನವರಿಯ ಥಂಡಿಯಲ್ಲೂ ಬೆನ್ನಿಗೆ ಅಂಟಿತ್ತು.

ಅಷ್ಟರಲ್ಲಿ ಎಲ್ಜಾ ಮೇಡಂ, ಕಪ್ಪು ಕೋಟಿನ ನಿರ್ದೇಶಕ, ಫೋಟೊದವರು ಒಳಗೆ ಬಂದರು. ಹಿಂದೆ ಮೋಹನದಾಸ್. ಎಲ್ಲರೂ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಹೆಸರು ಅಂಟಿಸಿದ್ದ ಸೀಟುಗಳ ಮೇಲೂ ಜಂಪರ್ ಪೀಸುಗಳಿದ್ದವು.

“ಇದೇನು?” ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ಮೋಹನದಾಸ್ ಬಸವಲಿಂಗನತ್ತ ನೋಡಿದ ನೋಟದಲ್ಲಿ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂಬುದು ಸ್ಪಷ್ಟವಾಗಿ ಬರೆದಿತ್ತು. ಬಸವಲಿಂಗ ಮುಂದೆ ಬಂದ.

“ಮೇಡಂ, ನಮ್ಮ ಕಡೆ ಇದೊಂದು ಪದ್ಧತಿ. ಒಂದು ಬಟ್ಟೆ ಅಂದರೆ ಒಬ್ಬ ಮನುಷ್ಯ. ಟಿಕೆಟ್ಟಿಗಿಂತ ಬಟ್ಟೆಯ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ. ಯಾರಿಗಾಗಿ ಹಾಸಿದೆಯೋ ಅವರು ಬರುವ ತನಕ ಆ ಜಾಗದಲ್ಲಿ ಯಾರೂ ಕೂಡುವುದಿಲ್ಲ.”

“ಯಾರು ಹಾಸಿದ್ದು?”

ಬೈಗುಳವೇನಿದ್ದರೂ ಬೇರೆಯವರ ತಲೆಗೆ ಬೀಳಲಿ ಎಂದು ಬಸವಲಿಂಗ ಥಟ್ಟನೆ ಕಲ್ಲವ್ವನತ್ತ ಕೈ ತೋರಿಸಿದ. “ಆಕೆ, ಮೇಡಂ. ಎಲ್ಲ ಆಕೆಯದೇ ಕೆಲಸ. ನನಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.”

ಮೇಡಂ ನಿರ್ದೇಶಕನ ಕಿವಿಯಲ್ಲಿ ಏನೋ ಹೇಳಿದರು. ಅವನ ಮುಖ ಕೆಂಪಾಯಿತು. ಇಬ್ಬರೂ ಹೋಗಿ ವಿಮರ್ಶಕರ ಪಕ್ಕ ಮೆಟ್ಟಿಲ ಮೇಲೆ ಕೂತರು. ದೀಪ ಆರಿತು.

ಚಿತ್ರದ ಕತೆ ಇಷ್ಟೇ. ಹಿಮದ ನಾಡಿನಲ್ಲೊಬ್ಬ ಹೆಂಗಸು. ಅವಳ ಆಡು ಕಳೆದುಹೋಗಿದೆ. ಒಲೆಯ ಪಕ್ಕ ಆಡು ಮಲಗುತ್ತಿದ್ದ ಜಾಗಕ್ಕೆ ಒಂದು ಕಂಬಳಿ ಹಾಸಿ ಕಾಯುತ್ತಾಳೆ. ಯಾರು ಬಂದರೂ ಅಲ್ಲಿ ಕೂಡಗೊಡುವುದಿಲ್ಲ. ಮೂರು ಗಂಟೆ.

ಬಸವಲಿಂಗ ಗೋಡೆಗೆ ಆನಿಕೊಂಡು, ಹೆಂಗಸರು ಯಾವ ಗಳಿಗೆಯಲ್ಲಿ ಎದ್ದು ಉಪ್ಪಿಟ್ಟು ಕೇಳುತ್ತಾರೋ ಎಂದು ಕಾದ. ಯಾರೂ ಏಳಲಿಲ್ಲ. ಪರದೆಯ ಮೇಲೆ ಊರ ಗೌಡನೊಬ್ಬ ಬಂದು ಆ ಕಂಬಳಿಯ ಮೇಲೆ ಕೂತುಬಿಟ್ಟಾಗ ಕಲ್ಲವ್ವ ಎದ್ದು ನಿಂತಳು. “ಏಳೋ ಮಾರಾಯಾ! ಹಾಸಿದ್ದು ಕಾಣೂದಿಲ್ಲೇನು ನಿನಗ?” ಸಿದ್ರಾಮಪ್ಪ ಸೀಟಿ ಊದಿದರು. ಗೌಡ ನಿಜಕ್ಕೂ ಎದ್ದ. ಥಿಯೇಟರಿನಲ್ಲಿ ಚಪ್ಪಾಳೆ ಬಿತ್ತು.

ದೀಪ ಹತ್ತಿದಾಗ ನೂರ ಅರವತ್ತಕ್ಕೂ ಹೆಚ್ಚು ಸೀಟು ಖಾಲಿ ಇದ್ದವು. ಭಾಂಡೆ ತಿಕ್ಕಿ ಬರಬೇಕಾದವರು ಒಬ್ಬರೂ ಬಂದಿರಲಿಲ್ಲ. ತನ್ನ ಕತೆ ಮುಗಿಯಿತು ಎಂದುಕೊಂಡ ಬಸವಲಿಂಗ. ಆದರೆ ನಿರ್ದೇಶಕ ವೇದಿಕೆಯ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು ಉತ್ಸವದವರು. ಮೈಕು ಮೊದಲು ಸಿಕ್ಕಿದ್ದು ಕಲ್ಲವ್ವನಿಗೆ. ಬಸವಲಿಂಗನೇ ಅನುವಾದ ಮಾಡಬೇಕಾಯಿತು.

“ಆಡು ಸಿಕ್ತೋ ಇಲ್ಲೋ?”

“ಅದನ್ನು ನೀವೇ ನಿರ್ಧರಿಸಬೇಕು, ತಾಯಿ,” ಎಂದ ನಿರ್ದೇಶಕ.

“ನಾ ಯಾಕ ಹೇಳ್ಲಿ? ಪಿಚ್ಚರ್ ತಗದಾಂವ ನೀ! ಆಡು ಕಳದ್ರ ಹುಡಕಾಕ ಹೋಗಬೇಕಪ್ಪಾ, ಮೂರ ತಾಸ ಕುಂತ್ರ ಸಿಗ್ತದೇನು?”

ವಿಮರ್ಶಕರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಎಲ್ಜಾ ಮೇಡಂ ಮೈಕು ತೆಗೆದುಕೊಂಡರು. “ನಮ್ಮ ದೇಶದಲ್ಲಿ ಜನ ಟಿಕೆಟ್ ತೆಗೆದುಕೊಂಡೂ ಬರುವುದಿಲ್ಲ, ಒಂದು ಚಿಂದಿ ಬಟ್ಟೆಯನ್ನೂ ಕಳಿಸುವುದಿಲ್ಲ. ಇಲ್ಲಿ ಬಾರದವರಿಗಾಗಿ ಬಣ್ಣದ ಬಟ್ಟೆ ಹಾಸಿದ್ದಾರೆ. ನಮ್ಮ ಚಿತ್ರ ನೋಡುವ ಮೊದಲೇ ಅದರ ಅರ್ಥ ಈ ಊರಿಗೆ ತಿಳಿದಿತ್ತು. ಜನರ ಫೋಟೊ ನಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಫೋಟೊ ಎಲ್ಲೂ ಸಿಗುವುದಿಲ್ಲ.” ಕ್ಯಾಮರಾಗಳು ಮಿಂಚಿದವು. “ಪುಣೆಗೆ ನಮ್ಮ ಖಾಯಂ ಪ್ರತಿನಿಧಿ ಯಾರೆಂದು ಈಗ ನಮಗೆ ಯಾವ ಅನುಮಾನವೂ ಇಲ್ಲ.”

ಬಸವಲಿಂಗ ಕಾಲರು ನೆಟ್ಟಗೆ ಮಾಡಿಕೊಂಡ. ಬಾಯಿಗೆ ಕೈ ಅಡ್ಡ ಹಿಡಿದು ಹೆಂಡತಿಗೆ ಫೋನು ಮಾಡಿದ. “ರೇಣು, ಇಂಡಿಗೆ ಫೋನ್ ಹಚ್ಚು. ನಿಮ್ಮಪ್ಪಗ ಹೇಳು, ಖಾಯಂ ಅಂತ!” ಅಷ್ಟು ಹೇಳಿ ವೇದಿಕೆಯ ಮೆಟ್ಟಿಲು ಹತ್ತಿದ.

ಮೇಡಂ ಪತ್ರದಲ್ಲಿ ಹೆಸರು ಬರೆಯಲು ಪೆನ್ನು ತೆಗೆದು ಅವನನ್ನೇ ಕೇಳಿದರು. “ಆ ತಾಯಿಯ ಹೆಸರಿನ ಸ್ಪೆಲಿಂಗ್ ಹೇಳುತ್ತೀರಾ?”

ಬಸವಲಿಂಗ ಹೇಳಿದ. ಹೇಳದೆ ಇನ್ನೇನು ಮಾಡಿಯಾನು? ತನಗೂ ಇದಕ್ಕೂ ಏನೇನೂ ಸಂಬಂಧವಿಲ್ಲವೆಂದು ತಾನೇ ಬಾಯಿಬಿಟ್ಟು ಹೇಳಿದ್ದ.

ಕಲ್ಲವ್ವ ಪತ್ರವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು. “ಇಷ್ಟ ದೊಡ್ಡ ದೇಶ ನನ್ನೊಬ್ಬಾಕಿ ಕೈಲೆ ಹ್ಯಾಂಗ ಆಗ್ತದ? ಕೈಕೆಳಗ ಒಬ್ಬ ಬೇಕು. ಇಂಗ್ಲಿಷ್ ಬಂದಾಂವ.”

“ಬಸವಲಿಂಗ ಅದಾನಲ್ರಿ!” ಎಂದು ಮೋಹನದಾಸ್ ಅವನನ್ನು ಮುಂದೆ ತಳ್ಳಿದ.

ಕಲ್ಲವ್ವ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಹಾಡು ಭಾಳ ಅವ ಎಂದಿದ್ದು ಅವಳಿಗೆ ನೆನಪಿದ್ದಂತಿತ್ತು. “ಆಗ್ಲಿ. ಕೆಲಸಾ ನೋಡಿ ಆಮ್ಯಾಲ ಖಾಯಂ ಮಾಡೂದು. ಸದ್ಯಕ್ಕ ಇರ್ಲಿ. ತಮ್ಮಾ, ಮೊದಲ ಆ ಜಂಪರ್ ಪೀಸ್ ಎಲ್ಲಾ ಮಡಚಿ ಕೊಡು. ಅರಿಶಿನ ಕುಂಕುಮಕ್ಕ ಹೊತ್ತಾತು.”

ಬಸವಲಿಂಗ ಒಂದೊಂದಾಗಿ ಮಡಚಿದ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಇಂಡಿಯ ಮಾವನದು. ಎತ್ತುವ ಧೈರ್ಯ ಬರಲಿಲ್ಲ. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಕಾಲು ಸೋತವು. ಇನ್ನೂರ ನಲವತ್ತು ಸೀಟಿನ ಖಾಲಿ ಥಿಯೇಟರಿನಲ್ಲಿ ಮೂಲೆಯದೊಂದು ಸೀಟಿನಲ್ಲಿ ಅವನು ಧೊಪ್ಪೆಂದು ಕೂತ.

ಹಿಂದಿನಿಂದ ಸೀಟಿ ಕೂಗಿತು.

“ಏಳೋ ಬಸವಲಿಂಗ,” ಎಂದರು ಸಿದ್ರಾಮಪ್ಪ, “ಅಲ್ಲಿ ನನ್ನ ಟವೆಲ್ ಅದ.”