ಮಾವನವರ ವಿಮಾನ

ಅಂಟಿನ ಟ್ಯೂಬನ್ನು ಎಷ್ಟು ಹಿಂಡಿದರೂ ಬರೀ ಗಾಳಿ ಬಂತು. ರೆಕ್ಕೆ, ಬಾಲ, ಚಕ್ರ, ಬಂದೂಕು ಎಲ್ಲವೂ ಅಂಟಿ ಕೂತಿದ್ದವು. ಉಳಿದವರು ಮಾವನವರೊಬ್ಬರೇ. ಅವರನ್ನು ಸೀಟಿಗೆ ಅಂಟಿಸಿ, ತಲೆಯ ಮೇಲೆ ಗಾಜಿನಂಥ ಮುಚ್ಚಳ ಕೂರಿಸಿಬಿಟ್ಟರೆ ಯುದ್ಧವಿಮಾನ ಮುಗಿದಂತೆ. ಅಷ್ಟರಲ್ಲಿ ಹೀಗಾಯಿತು.

ಗುಮಾಸ್ತ ತಲೆಯ ಮೇಲೆ ಕೈ ಹೊತ್ತು ಕೂತ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳಿಗೆ ಚೀಟಿ ಅಂಟಿಸಿದ ಮನುಷ್ಯ ಅವನು. ಅಂಟೇ ಕೈಕೊಟ್ಟ ಮೇಲೆ ಇನ್ಯಾರನ್ನು ನಂಬುವುದು?

ಮಾವನವರನ್ನು ಅವನು ಕಂಡವನಲ್ಲ, ಅವನ ಹೆಂಡತಿಯೂ ಕಂಡವಳಲ್ಲ. ಅವಳು ಹೊಟ್ಟೆಯಲ್ಲಿದ್ದಾಗಲೇ ಅವರು ಇಂಥದೇ ವಿಮಾನ ಹತ್ತಿ ಯುದ್ಧಕ್ಕೆ ಹೋಗಿದ್ದರು. ವಿಮಾನ ಸಮುದ್ರಕ್ಕೆ ಬಿತ್ತೆಂದು ಸರ್ಕಾರದಿಂದ ಮೂರು ಸಾಲಿನ ಕಾಗದ ಬಂತು. ಹೆಣ ಬರಲಿಲ್ಲ. "ಬೀಳೋದಕ್ಕೆ ಮುಂಚೇನೇ ಧುಮುಕಿರ್ತಾರೆ, ಅವರೇನು ಪೆದ್ದರಲ್ಲ" ಎಂದು ಅತ್ತೆ ಐವತ್ತೈದು ವರ್ಷದಿಂದ ಹೇಳುತ್ತಲೇ ಇದ್ದರು. ಮೊದಮೊದಲು ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಈಗ ಹೂಂಗುಟ್ಟುತ್ತಾರೆ.

ಅತ್ತೆಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಕವಿದಿತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಈ ಸಲವೂ ತಪ್ಪಿಸಿದರೆ ಕಣ್ಣಿನ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಿಂದೆ ಎರಡು ಸಲ ಹೊರಡುವ ಹೊತ್ತಿಗೆ ಮಂಚದ ಕಾಲು ಹಿಡಿದು ಕೂತಿದ್ದ ಅತ್ತೆ, ಈ ಸಲ ಒಂದು ಷರತ್ತು ಹಾಕಿದ್ದರು.

"ಅವರು ವಿಮಾನದಲ್ಲಿ ಕೂತಿದ್ದನ್ನ ನಾನು ನೋಡ್ಲೇ ಇಲ್ಲ. ಮನೆಯವರನ್ನ ಹತ್ತಿರಕ್ಕೆ ಬಿಡ್ತಿರ್ಲಿಲ್ಲ. ಒಂದೇ ಒಂದ್ಸಲ ತೋರಿಸಿ. ಆಮೇಲೆ ಕಣ್ಣು ಉಳಿದ್ರೆ ಉಳೀಲಿ, ಹೋದ್ರೆ ಹೋಗ್ಲಿ, ಬರ್ತೀನಿ."

ಅದಕ್ಕೇ ಮೂರು ವಾರದಿಂದ ಈ ಪ್ಲಾಸ್ಟಿಕ್ ವಿಮಾನದ ತಾಪತ್ರಯ. ಗೋಡೆಯ ಮೇಲಿನ ಫೋಟೋ ನೋಡಿಕೊಂಡು, ಉಗುರಿನಷ್ಟು ದೊಡ್ಡ ಗೊಂಬೆಗೆ ಎರಡು ಕೂದಲಿನ ಕುಂಚದಲ್ಲಿ ಮೀಸೆ ಬರೆಯುವಾಗ ಗುಮಾಸ್ತ ಉಸಿರನ್ನೂ ಬಿಟ್ಟಿರಲಿಲ್ಲ.

"ಆ ಟ್ಯೂಬಾ? ನಿನ್ನೆ ನಾನೇ ಕನ್ನಡಕದ ಕಡ್ಡಿಗೆ ಚೂರು ಹಚ್ಕೊಂಡೆ" ಎನ್ನುತ್ತ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಕಾಫಿ ಲೋಟದ ಸಮೇತ ಒಳಗೆ ಬಂದರು. ನಿವೃತ್ತರಾದ ಮೇಲೆ ಅವರಿಗೆ ತಿದ್ದಲು ಮಕ್ಕಳಿರಲಿಲ್ಲ, ಅಕ್ಕಪಕ್ಕದವರಿದ್ದರು. ಬಗ್ಗಿ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಇದೇನ್ರೀ, ಪೈಲಟ್ಟು ಗೂನು ಹಾಕ್ಕೊಂಡು ಕೂತಿದಾನೆ?"

"ಅದು ನಮ್ಮ ಮಾವನವರು, ಮೇಷ್ಟ್ರೇ."

"ಯಾರಾದ್ರೇನು? ಎದೆ ಮುಂದೆ, ಗಲ್ಲ ಮೇಲೆ!" ಎಂದು ಮೇಷ್ಟ್ರು ಮಾವನವರನ್ನು ಸೀಟಿನಿಂದ ಎಳೆದು ಹೊರಗೆ ಹಾಕಿದರು. ಹಾಕಿದ್ದಲ್ಲದೆ ಕಿಟಕಿಯಿಂದ ಕೆಳಗೆ ಬಗ್ಗಿ, ಅಂಟು ತಗೊಂಡು ಬಾ ಎಂದು ಬೀದಿಯ ಶೂ ರಿಪೇರಿಯವನನ್ನು ಕೂಗಿದರು.

ಶೂ ರಿಪೇರಿಯವನು ಚಿಕ್ಕ ಬಾಟಲಿ ಹಿಡಿದು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. "ಸಾರ್, ಇದು ಹಾಕಿದ್ರೆ ಕಾಲು ಬೇಕಾದ್ರೆ ಕಿತ್ಕೊಂಡು ಬರತ್ತೆ, ಶೂ ಸೋಲ್ ಬರಲ್ಲ. ಹತ್ತು ಎಣಿಸೋದ್ರೊಳಗೆ ಕೆಲ್ಸ ಮುಗೀಬೇಕು, ಅಷ್ಟೇ."

ಈ ಜಾತಿಯ ಅಂಟನ್ನು ಮುಚ್ಚಳದ ಹತ್ತಿರ ಸುಳಿಯಗೊಡಬೇಡಿ ಎಂದು ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲಿನ ಮೇಲೆ ಮೇಷ್ಟ್ರು ಕಾಫಿ ಲೋಟ ಇಟ್ಟಿದ್ದರು.

ಗುಮಾಸ್ತ ಮಾವನವರನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಒಂದು ಹನಿ ಬಿಟ್ಟ. ಅಷ್ಟರಲ್ಲೇ ಮೇಷ್ಟ್ರು ವಿಮಾನವನ್ನು ಎತ್ತಿಕೊಂಡು, "ಶತ್ರು ಹೀಗೆ ಬರ್ತಾನೆ ನೋಡಿ, ಡುರ್ರ್ರ್..." ಎಂದು ಶೂ ರಿಪೇರಿಯವನ ಮೂಗಿನ ಮೇಲೆ ದಾಳಿಯಿಟ್ಟರು.

"ಅಯ್ಯೋ, ಬಾಲ! ಬಾಲ!" ಗುಮಾಸ್ತ ಮೇಜಿನ ಮೇಲೆ ಮೊಣಕೈಯೂರಿ ಎಗರಿ ವಿಮಾನವನ್ನು ಕಿತ್ತುಕೊಂಡ. ಬಾಲ ಉಳಿಯಿತು, ಅವನ ಹೆಬ್ಬೆರಳಿಗೂ ತೋರುಬೆರಳಿಗೂ ಬಿಡಿಸಲಾರದ ನಂಟು ಬಿತ್ತು. ಶೂ ರಿಪೇರಿಯವನು ಮುಚ್ಚಳದ ಅಂಚಿಗೆ ಆಗಲೇ ಅಂಟು ಸುರಿದು, "ಆರು, ಏಳು, ಬೇಗ ಸಾರ್!" ಎಂದು ಎಣಿಸುತ್ತಿದ್ದ. ಮೇಜಿನ ಮೇಲೆ ಮಾವನವರು ಇರಲಿಲ್ಲ. ಎಲ್ಲದರಲ್ಲೂ ಕೈಯಾಡಿಸುವ ಮೇಷ್ಟ್ರೇ ಕೂರಿಸಿರಬೇಕು ಎಂದುಕೊಂಡ ಗುಮಾಸ್ತ, ಬಗ್ಗಿ ನೋಡಲು ಪುರುಸೊತ್ತಿಲ್ಲದೆ ಮುಚ್ಚಳವನ್ನು ಒತ್ತಿಬಿಟ್ಟ.

ಹತ್ತು ನಿಮಿಷ ಕಳೆಯುವುದರಲ್ಲಿ ಮುಚ್ಚಳದ ಒಳಮೈಯೆಲ್ಲ ಬೆಳ್ಳಗಾಗಿ, ಬೇಯಿಸಿದ ಮೀನಿನ ಕಣ್ಣಿನಂತಾಯಿತು. ಹೊರಗಿನಿಂದ ಉಜ್ಜಿದರೆ ಹೋಗುವ ಮಸುಕಲ್ಲ ಅದು. "ಅಂಗಡಿ ಬಾಗಿಲು ತೆಗೆದೇ ಬಂದ್ಬಿಟ್ಟೆ" ಎಂದು ಶೂ ರಿಪೇರಿಯವನು ಜಾರಿಕೊಂಡ. "ಯುದ್ಧ ಅಂದ್ಮೇಲೆ ಮಂಜು ಇರೋದೇ" ಎಂದು ಮೇಷ್ಟ್ರೂ ಲೋಟ ಎತ್ತಿಕೊಂಡು ಹೊರಟರು.

ಹೆಂಡತಿ ಬಂದು ನೋಡಿ ಹಣೆ ಚಚ್ಚಿಕೊಂಡಳು. "ರೀ, ಅಮ್ಮನ ಕಣ್ಣಿನ ಪೊರೆ ತೆಗೆಸ್ತೀನಿ ಅಂತ ಹೊರಟು ವಿಮಾನಕ್ಕೇ ಪೊರೆ ತರಿಸಿದ್ರಲ್ಲಾ!"

"ಈಗೇನ್ ಮಾಡೋದೇ?"

"ಬಾಯಿ ಮುಚ್ಕೊಂಡು ಕೈಗೆ ಕೊಡೋದು. ಅವಳಿಗೆ ಹೇಗೂ ಎಲ್ಲಾ ಮಸುಕೇ."

ಸಂಜೆಯ ಬಿಸಿಲಿಗೆ ಅತ್ತೆ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ವಿಮಾನವನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ರೆಕ್ಕೆಯ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ರೆಪ್ಪೆಗೆ ತಾಗುವಷ್ಟು ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ರೆಕ್ಕೆ ಕಾಣತ್ತೆ. ನಂಬರೂ ಕಾಣತ್ತೆ. ಅವರು ಮಾತ್ರ ಕಾಣ್ತಾ ಇಲ್ಲ." ಅತ್ತೆ ವಿಮಾನವನ್ನು ಮಡಿಲಿಗೆ ಇಳಿಸಿದರು. "ಅಂದ್ರೆ ಈ ಕಣ್ಣೂ ಮುಗೀತು. ಮುಗಿದ ಕಣ್ಣಿಗೆ ಚಾಕು ಯಾಕೆ? ನಾಳೆ ನಾನು ಬರಲ್ಲ."

ಗುಮಾಸ್ತ ಕುರ್ಚಿಯ ಪಕ್ಕ ಕುಕ್ಕರಿಸಿದ. "ಇಲ್ಲ ಅತ್ತೆ! ನಿಮ್ಮ ಕಣ್ಣಲ್ಲ, ಗಾಜೇ ಮಸುಕು. ಕೆಟ್ಟ ಅಂಟು ಹಾಕಿ ನಾನೇ ಹಾಳು ಮಾಡ್ದೆ. ಮಾವನವರು ಒಳಗೇ ಇದಾರೆ."

"ಹಾಗಾದ್ರೆ ತೆಗೀರಿ ಮುಚ್ಚಳ."

ಅಂಟಿಕೊಂಡ ಬೆರಳುಗಳಲ್ಲೇ ಬ್ಲೇಡು ಹಿಡಿದು ಗುಮಾಸ್ತ ಅಂಚನ್ನು ಮೀಟಿದ. ಟಕ್ಕೆಂದು ಮುಚ್ಚಳ ಎದ್ದು ಬಂತು. ಮೂವರೂ ಬಗ್ಗಿ ನೋಡಿದರು. ಸೀಟು ಖಾಲಿಯಿತ್ತು.

ಅತ್ತೆ ಕಿರುಬೆರಳಿನ ತುದಿಯನ್ನು ಒಳಗಿಟ್ಟು ಎರಡೆರಡು ಸಲ ತಡವಿದರು. ಅವರ ಮುಖ ನಿಧಾನವಾಗಿ ಅರಳತೊಡಗಿತು.

"ಬೆಳಿಗ್ಗೆ ಇವರು ಇಲ್ಲಿ ಕೂತಿದ್ರಲ್ವಾ?"

"ಕೂತಿದ್ರು ಅತ್ತೆ. ಮೇಷ್ಟ್ರೂ ನೋಡಿದಾರೆ."

"ನೀವೇ ಮೇಲೆ ಮುಚ್ಚಳ ಅಂಟಿಸಿದ್ರಿ. ನೀವೇ ತೆಗೆದ್ರಿ. ಈಗಿಲ್ಲ. ಇದು ಪ್ಲಾಸ್ಟಿಕ್ಕು ಅಂತ ನಂಗೂ ಗೊತ್ತು, ನಂಗೇನು ತಲೆ ಕೆಟ್ಟಿಲ್ಲ. ಆದ್ರೆ ಹೇಳಿ, ಎಲ್ಲಿ ಹೋದ್ರು?"

ಗುಮಾಸ್ತ ಬಗ್ಗಿ ಕುರ್ಚಿಯ ಕೆಳಗೆ ಹುಡುಕಿದ.

"ಧುಮುಕಿದಾರೆ!" ಅತ್ತೆ ಕುರ್ಚಿಯ ತೋಳನ್ನು ತಟ್ಟಿದರು. "ಐವತ್ತೈದು ವರ್ಷದಿಂದ ಬಡ್ಕೊಂಡೆ, ಒಬ್ಬರಾದ್ರೂ ನಂಬಿದ್ರಾ?"

"ಆಯ್ತಮ್ಮ, ಧುಮುಕಿದಾರೆ" ಎಂದಳು ಹೆಂಡತಿ. "ಅದಕ್ಕಾದ್ರೂ ನಾಳೆ ಬಾ. ಅಪ್ಪ ಬಂದ್ರೆ ನೋಡೋಕೆ ಕಣ್ಣು ಬೇಡ್ವಾ?"

"ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ್ಲೇ ಬಂದ್ಬಿಟ್ರೆ? ಬಾಗಿಲು ತೆಗೆಯೋರು ಯಾರು? ಅವರ ದನಿ ಸಾಕು ನಂಗೆ, ಕಣ್ಣು ಬೇಡ."

ಆಗಲೇ ಹೆಂಡತಿಯ ದೃಷ್ಟಿ ಗಂಡನ ತೋಳಿನ ಮೇಲೆ ಬಿತ್ತು. ಅಂಗಿಯ ಮೊಣಕೈಯಲ್ಲಿ ಬೆನ್ನು ಅಂಟಿಸಿಕೊಂಡು, ಎದೆ ಮುಂದೆ, ಗಲ್ಲ ಮೇಲೆ ಮಾಡಿಕೊಂಡು, ಮೀಸೆ ಸಮೇತ ಮಾವನವರು ಕೂತಿದ್ದರು.

ತೋರಿಸಿದ್ದರೆ ಷರತ್ತು ಪೂರೈಸುತ್ತಿತ್ತು. ಅತ್ತೆ ಮಾತಿಗೆ ತಪ್ಪುವವರಲ್ಲ, ನಾಳೆ ಹೊರಡುತ್ತಿದ್ದರು, ಕಣ್ಣು ಉಳಿಯುತ್ತಿತ್ತು. ಹೆಂಡತಿ ಬಾಯಿ ತೆರೆದಳು. ಅಮ್ಮನ ಮುಖ ನೋಡಿದಳು. ಹುಟ್ಟಿದಾಗಿನಿಂದ ಆ ಮುಖದಲ್ಲಿ ಇಂಥ ಬೆಳಕನ್ನು ಅವಳು ಕಂಡಿರಲಿಲ್ಲ. ಕಾಣದ ಅಪ್ಪನನ್ನು ತನ್ನ ಕೈಯಾರೆ ಇನ್ನೊಮ್ಮೆ ಸಮುದ್ರಕ್ಕೆ ನೂಕಲು ಅವಳಿಂದಾಗಲಿಲ್ಲ. ಮೆಲ್ಲನೆ ಗಂಡನ ಮೊಣಕೈಯನ್ನು ಅಂಗೈಯಿಂದ ಮುಚ್ಚಿದಳು. ತಿರುಗಿ ನೋಡಿದ ಗುಮಾಸ್ತನಿಗೆ ಅರ್ಥವಾಯಿತು, ಅಳು ಬಂತು. ಅವನು ಕೈಯನ್ನು ಹೊಟ್ಟೆಗೆ ಒತ್ತಿ ಮಡಚಿಕೊಂಡ.

ಅತ್ತೆ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.

"ಯಾಕೆ ಅಳಿಯಂದ್ರೇ, ಹಾಗೆ ಕೈ ಮಡಚ್ಕೊಂಡು ನಿಂತಿದೀರಿ?"

"ಮೊಣಕೈ... ಸ್ವಲ್ಪ ಹಿಡ್ಕೊಂಡಿದೆ, ಅತ್ತೆ."

"ಅಯ್ಯೋ, ಹಾಗೇ ಬಿಡ್ಬೇಡಿ. ನಾಳೆ ಒಂಬತ್ತಕ್ಕೆ ಆಸ್ಪತ್ರೆಗೆ ನೀವೇ ಹೋಗ್ಬನ್ನಿ. ಹೇಗೂ ಹೆಸರು ಬರೆಸಿ ಇಟ್ಟಿದೆಯಲ್ಲ."