ಸೋಸಿದ ನೀರಿನ ಸಂತಾನ

ಜೀವದಯಾ ಮಂಡಳಿಯ ಕಾರ್ಯದರ್ಶಿಯಾದವನು ಮೀನು ಸಾಕಬಾರದು. ಸಾಕಿದರೂ ಅವು ಸಂಸಾರ ಹೂಡದಂತೆ ನೋಡಿಕೊಳ್ಳಬೇಕು. ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ, ಹುಕ್ಕೇರಿಯಲ್ಲಿ, ನಾನು ಎರಡೂ ತಪ್ಪು ಮಾಡಿದೆ.

ಮೀನುಗಾರ ಹೊಳೆಪ್ಪ ಸಂತೆಗೆ ತಂದಿದ್ದ ಎರಡು ಮೀಸೆ ಮೀನುಗಳನ್ನು ಜೀವದಾನವೆಂದು ಕೊಂಡು ಬಿಡಿಸಿದೆ (ಹತ್ತು ಮಂದಿ ನೋಡುತ್ತಿದ್ದರೆಂಬುದನ್ನು ಒಪ್ಪುತ್ತೇನೆ). ಹೊಳೆಗೆ ಬಿಡೋಣವೆಂದರೆ ಹಿರಣ್ಯಕೇಶಿಯಲ್ಲಿ ಮೊಳಕಾಲುದ್ದ ನೀರು. ಹೊಳೆಪ್ಪ ಮರುದಿನವೇ ಅವನ್ನು ಮತ್ತೆ ಹಿಡಿಯುವವ. ಗೋಕಾಕ ಫಾಲ್ಸಿನಿಂದ ವಿಲಾಯತಿಗೆ ಮರಳಿದ ಸಾಹೇಬನೊಬ್ಬನ ಸಾಮಾನಿನ ಲಿಲಾವಿನಲ್ಲಿ ಸಿಕ್ಕಿದ್ದ ಗಾಜಿನ ತೊಟ್ಟಿಯಿತ್ತು. ಮಳೆ ಬರುವವರೆಗೆ ಮೀನುಗಳನ್ನು ಅದರಲ್ಲಿ, ತೊಟ್ಟಿಯನ್ನು ಪಡಸಾಲೆಯಲ್ಲಿ ಇಟ್ಟೆ. ಮಂಡಳಿಯ ಅಧ್ಯಕ್ಷ ದಾದಾಸಾಹೇಬ ಕಾಕಾ ಆ ವರ್ಷ ಸ್ಥಾನ ಬಿಡುವವರಿದ್ದರು. ಹೋಗಿಬರುವವರಿಗೆ ನನ್ನ ದಯೆ ಗಾಜಿನೊಳಗಿಂದ ಕಾಣುತ್ತಿರಲಿ ಎಂಬುದು ನನ್ನ ದೂರಾಲೋಚನೆ.

"ಗಂಡು ಹೆಣ್ಣು ಕೂಡಿ ತಂದೀರೇನ್ರಿ?" ಹೆಂಡತಿ ಪದ್ಮವ್ವ ಕೇಳಿದಳು.

"ಕಣ್ಣ ಕಾಣೂದಿಲ್ಲೇನ? ಎರಡಕ್ಕೂ ಮೀಸಿ ಅದಾವ."

"ಮೀಸಿ ಇದ್ದಾವ್ರೆಲ್ಲಾ ಗಂಡಸರಾದ್ರ..." ಎಂದು ನನ್ನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟಳು.

ಮೂರು ವಾರಕ್ಕೆ ಗಾಜಿನ ಮೇಲೆ ನವಣೆ ಕಾಳಿನಂಥ ತತ್ತಿಗಳು. ಇನ್ನೆರಡು ದಿನಕ್ಕೆ ನೀರಿನ ತುಂಬ ಬಾಲ ಬಂದ ಚುಕ್ಕೆಗಳು. ಹೊಳೆಪ್ಪನನ್ನು ಕರೆಸಿದೆ. ಅವನು ನಕ್ಕ.

"ಸಾವ್ಕಾರ್ರ, ಬಸರಿನ್ನ ಬಿಡಿಸಿ ತಂದೀರಿ. ಮೊದಲ ದೊಡ್ಡವನ್ನ ಬ್ಯಾರೆ ಇಡ್ರಿ, ಮರಿ ತಿಂದಾವು."

ತಂದೆತಾಯಿಗಳು ಬಚ್ಚಲಿನ ಹಂಡೆಗೆ ಹೋದವು. (ನಮ್ಮ ಸ್ನಾನ ಹಿತ್ತಲಿಗೆ ಹೋಯಿತು.)

"ಮರಿಗೆ ಏನ ಹಾಕೂದೋ?"

"ಕೋಳಿ ತತ್ತಿ ಕುದಿಸಿ ಹಳದಿ ಹಾಕ್ರಿ. ಇಲ್ಲಾಂದ್ರ ಸೊಳ್ಳಿ ಹುಳ."

ಬಾಗಿಲ ಹಿಂದಿನಿಂದ ಪದ್ಮವ್ವನ ದನಿ ಬಂತು: "ತತ್ತಿ ಹೊಸ್ತಿಲಾ ದಾಟಿದ ದಿವಸ ನಾ ಕಣಗಲಾಕ್ಕ, ತವರಮನಿಗಿ!"

ಕಡಲೆ ಹಿಟ್ಟು, ಹಾಲು, ಶೇಂಗಾ ಹಿಂಡಿ, ಎಲ್ಲವನ್ನೂ ಹಾಕಿ ನೋಡಿದೆ. ನೀರು ನಾರಿತು, ಮರಿಗಳು ಬಾಯಿ ತೆರೆಯಲಿಲ್ಲ. ದಿನ ಬೆಳಗಾದರೆ ನಾಲ್ಕಾರು ಮೇಲಕ್ಕೆ ತೇಲುತ್ತಿದ್ದವು. ಕಾರ್ಯದರ್ಶಿಯ ಪಡಸಾಲೆಯಲ್ಲಿ ಜೀವಗಳು ಹಸಿದು ಸತ್ತವೆಂದರೆ ಅಧ್ಯಕ್ಷ ಪದವಿ ಹೋಯಿತು. ಹುಳ ತಿನ್ನಿಸಿದನೆಂದರೂ ಹೋಯಿತು.

ಜೈನರಾದ ನಮ್ಮಲ್ಲಿ ಬಾವಿಯ ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸದೆ ಮುಟ್ಟುವುದಿಲ್ಲ. ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳು ಸಾಯಬಾರದೆಂದು, ಅದನ್ನು ಜಾಲಾಡಿಸಿದ ನೀರನ್ನು ಚೊಂಬಿನಲ್ಲಿ ಬಾವಿಗೇ ಮರಳಿ ಬಿಡಬೇಕು. ಒಂದು ಬೆಳಗ್ಗೆ ಪದ್ಮವ್ವ ಆ ಚೊಂಬನ್ನು ನನ್ನ ಕೈಗೆ ಕೊಟ್ಟಳು. ತೊಟ್ಟಿ ಹಾದಿಯಲ್ಲೇ ಇತ್ತು. ಕೈ ಜಾರಿತು. (ಜಾರಲು ನಾನೂ ಸ್ವಲ್ಪ ನೆರವಾದೆ.) ಮರಿಗಳು ಮದುವೆಯ ಪಂಕ್ತಿಗೆ ಕುಳಿತವರಂತೆ ಉಂಡವು.

ಮರುದಿನದಿಂದ ಚೊಂಬಿನ ಕೈಂಕರ್ಯ ನನ್ನದು. ಪಕ್ಕದ ಮನೆಯ ಸೀತಾಬಾಯಿಯವರ ಚೊಂಬನ್ನೂ ಕೇಳಿ ಪಡೆದೆ. ವಾರದಲ್ಲಿ ಹನ್ನೊಂದು ಮನೆ ಆಯಿತು. ಓಣಿ ನನ್ನ ಧರ್ಮಶ್ರದ್ಧೆಯನ್ನು ಹೊಗಳಿತು. ಮರಿಗಳಿಗೆ ಮೀಸೆ ಮೂಡಿತು.

ಆ ಶ್ರದ್ಧೆಯನ್ನು ಕಣ್ಣಾರೆ ನೋಡಲು ದಾದಾಸಾಹೇಬ ಕಾಕಾ ಓಣಿಯವರನ್ನು ಕರೆದುಕೊಂಡು ಬಂದಾಗ ನಾನು ತೊಟ್ಟಿಯ ಮೇಲೆ ಚೊಂಬು ಬಗ್ಗಿಸಿದ್ದೆ. ಕಣ್ಣಿಗೆ ಪೊರೆ ಬಂದಿದ್ದ ಕಾಕಾ ಗಾಜಿಗೆ ಮೂಗು ಹಚ್ಚಿ ನೋಡಿದರು.

"ಅಯ್ಯ ಕುಂಥುನಾಥ ತೀರ್ಥಂಕರಾ! ತಮ್ಮಾ, ನಮ್ಮ ನೀರಾಗಿನ ಕಣ್ಣಿಗಿ ಕಾಣದ ಜೀವಾ ಎಷ್ಟ ದೊಡ್ಡವು ಮಾಡೀಯೋ! ಅರವತ್ತ ವರ್ಷ ನಾವು ಬಾವಿಗಿ ಬಿಟ್ಟಿವಿ, ಒಂದಕ್ಕೂ ಮೀಸಿ ಬರಲಿಲ್ಲ!"

"ಇದರಾಗ ನಮ್ಮ ಮನಿಯವು ಯಾವರಿ?" ಸೀತಾಬಾಯಿ ಕೇಳಿದರು.

"ಆ ಮೂಲ್ಯಾಗಿನವರಿ," ಎಂದೆ.

ಕಾಕಾ ನಿಂತ ನಿಲುವಿನಲ್ಲೇ ನನ್ನನ್ನು ಅಧ್ಯಕ್ಷನೆಂದು ಸಾರಿದರು. ಇನ್ನು ಮೇಲೆ ಯಾರೂ ಬಾವಿಗೆ ಬಿಡಕೂಡದು, ಪೇಟೆಯ ಚೊಂಬುಗಳೆಲ್ಲ ಇಲ್ಲಿಗೇ ಬರಲಿ ಎಂದೂ ಅಪ್ಪಣೆಯಾಯಿತು.

ಜನ ಹೋದ ಮೇಲೆ ಪದ್ಮವ್ವ ಬಾಗಿಲು ಹಾಕಿದಳು.

"ಬಾವಿಗಿ ಬಿಡತೇನಂತ ಒಯ್ದು ಇವಕ್ಕ ಉಣಸಿದ್ರಿ?"

"ಜೀವ ಉಳಸಾಕ, ಪದ್ಮಾ..."

"ಎಷ್ಟ ಜೀವ ತಿನಸಿ? ಈಗ ಮರಿ ದೊಡ್ಡವಾಗ್ಯಾವ, ಹಿಂಡಿ ತಿಂತಾವ. ನಾಳಿಂದ ಎಲ್ಲಾ ಚೊಂಬು ಬಾವಿಗಿ. ಒಂದ ಹನಿ ತೊಟ್ಟ್ಯಾಗ ಬಿದ್ರ ಕಾಕಾನ ಮುಂದ ಖರೆ ಹೇಳಾಕಿ ನಾನು."

ಬೆಳಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ನಲವತ್ತಮೂರು ಚೊಂಬು. ಜೀವಮಾನದಲ್ಲಿ ಮೊದಲ ಸಲ, ಯಾರಾದರೂ ನೋಡಲೆಂಬ ಆಸೆಯಿಲ್ಲದೆ, ಧರ್ಮ ಹೇಳಿದ ಹಾಗೆಯೇ ನಡೆದೆ. ಮೂರನೆಯ ಸುತ್ತಿಗೆ, ಬಾವಿಗೆ ಚೊಂಬು ಬಗ್ಗಿಸುವಾಗ, ಸೀತಾಬಾಯಿ ನೋಡಿದರು.

"ಅಯ್ಯಯ್ಯ, ಓಡಿ ಬರ್ರಿ! ನಮ್ಮ ಮನಿ ಜೀವಾ ಬಾವ್ಯಾಗ ಒಗ್ಯಾಕತ್ತಾರ!"

ಮಧ್ಯಾಹ್ನ ಬಸದಿಯ ಕಟ್ಟೆಯಲ್ಲಿ ಸಭೆ ಸೇರಿತು. ನಾವೆಲ್ಲ ತಲೆತಲಾಂತರದಿಂದ ಮಾಡುತ್ತ ಬಂದದ್ದು ಇದನ್ನೇ ಅಲ್ಲವೇ ಎಂದು ಕೇಳಿದೆ.

"ಆವಾಗ ನಮಗ ಗೊತ್ತಿರಲಿಲ್ಲೋ," ಎಂದರು ಕಾಕಾ. "ಇಷ್ಟ ದೊಡ್ಡವು ಆಗತಾವ ಅಂತ ಗೊತ್ತಾದ ಮ್ಯಾಲ ಬಾವಿಗಿ ಒಗದ್ರ, ಅದು ಕೊಲಿ."

ಪ್ರಾಣಿಹಿಂಸೆಯ ಆರೋಪದ ಮೇಲೆ ನನ್ನ ಅಧ್ಯಕ್ಷ ಪದವಿ ಹೋಯಿತು. ಅದರ ಬೆನ್ನಿಗೆ ಕಾರ್ಯದರ್ಶಿ ಪದವಿಯೂ ಹೋಯಿತು. ಕಾಕಾ ಮತ್ತೆ ಅಧ್ಯಕ್ಷರಾದರು. ಸಂಜೆಗೆ ತೊಟ್ಟಿ ಅವರ ಮನೆ ಸೇರಿತು. ಚೊಂಬುಗಳ ಸಾಲೂ ಅತ್ತ ತಿರುಗಿತು.

ಮರುದಿನ ಪದ್ಮವ್ವ ನೀರು ಸೋಸಿ, ಅರಿವೆ ಜಾಲಾಡಿಸಿ, ನಮ್ಮ ಮನೆಯ ಚೊಂಬನ್ನು ನನ್ನ ಕೈಗಿಟ್ಟಳು.

"ಬಾವಿಗಿ ಬಿಟ್ಟ ಬರ್ರಿ," ಎಂದಳು. ಆಮೇಲೆ ಓಣಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದಳು. "ಸೆರಗಿನ್ಯಾಗ ಮುಚಗೊಂಡ ಹೋಗಾಕ ನಿಮಗ ಸೀರಿ ಇಲ್ಲ. ಯಾರಿಗೂ ಕಾಣದಂಗ ಧೋತರದ ಮರ್ಯಾಗ ಹಿಡಕೊಂಡ ಹೋಗ್ರಿ."