ಷಡ್ಡಕನ ಪ್ರೊಸೆಸರ್

ಅಣ್ಣತಮ್ಮಂದಿರ ಮತ್ಸರಕ್ಕೆ ಆಸ್ತಿಯಾದರೂ ಬೇಕು. ಷಡ್ಡಕರ ಮತ್ಸರಕ್ಕೆ ಅತ್ತೆಯ ಒಂದು ಮಾತು ಸಾಕು. ಈ ಇಳಿವಯಸ್ಸಿನಲ್ಲಿ ಒಪ್ಪಿಕೊಳ್ಳಲು ನಾಚಿಕೆಯೇನು? ಹೊಳೆನರಸೀಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು, ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿಯ ಗಂಡ ಪುಟ್ಟರಾಜುವಿನದೊಂದು. ಇಬ್ಬರದೂ ಲಗ್ನಪತ್ರಿಕೆ ನಂಬಿದ ಸಂಸಾರ, ಇಬ್ಬರೂ ಎಸ್ಸೆಸ್ಸೆಲ್ಸಿ. ಹೀಗಿರುವಾಗ ಶಾಂತಿಗ್ರಾಮದ ಮಾವನ ಮನೆಯಲ್ಲಿ ಹಬ್ಬದೂಟಕ್ಕೆ ಕೂತಿದ್ದಾಗ, ಅತ್ತೆ ನನ್ನೆಲೆಗೆ ತುಪ್ಪ ಬಡಿಸುತ್ತಲೇ, "ಪುಟ್ಟರಾಜು ಕಂಪ್ಯೂಟ್ರೊಳಗೇ ಇನ್ನೊಂದು ಕಂಪ್ಯೂಟ್ರು ಇಟ್ಟವ್ರಂತೆ ಕಣ್ರಪ್ಪ. ನಿಮ್ದ್ರಲ್ಲಿ ಅದಿಲ್ವಾ?" ಅಂದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ವಿಷಯ ಇಷ್ಟೆ. ನಮ್ಮ ಹಳೆಯ ಕನ್ನಡ ತಂತ್ರಾಂಶ ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ಓಡುತ್ತಿರಲಿಲ್ಲ. ಅವನು ಹೊಸ ಸಿಸ್ಟಂನೊಳಗೇ ಹಳೆಯ ಸಿಸ್ಟಂ ಒಂದನ್ನು ಅತಿಥಿಯಂತೆ ಕೂರಿಸಿ, ಹಿಂದಿನ ಪತ್ರಿಕೆಗಳನ್ನೆಲ್ಲ ತೆಗೆಯುತ್ತಿದ್ದ. ನಮ್ಮ ಕಡೆ ಹೊಸದಾಗಿ ಪತ್ರಿಕೆ ಬರೆಸುವವರು ಯಾರು? ದೊಡ್ಡ ಮಗಳದ್ದನ್ನೇ ತೆಗೆದು ವಧೂವರರ ಹೆಸರು ಬದಲಿಸಿ ಅನ್ನುತ್ತಾರೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಒಬ್ಬ ಚಿಕ್ಕಪ್ಪ ಬಿಟ್ಟುಹೋದರೂ ಮದುವೆಮನೆಯಲ್ಲಿ ಪಂಚಾಯಿತಿ. ನನ್ನ ಹಳೇ ಕಂಪ್ಯೂಟರ್ ಸತ್ತಿತ್ತು. ಪತ್ರಿಕೆಗಳು ಸಿಡಿಯಲ್ಲಿದ್ದವು, ತೆಗೆಯುವ ದಾರಿಯಿರಲಿಲ್ಲ.

ಹಿತ್ತಲಲ್ಲಿ ಕೈ ತೊಳೆಯುವಾಗ ಪುಟ್ಟರಾಜು ಒಂದು ಪೆನ್ ಡ್ರೈವ್ ಕೊಟ್ಟ. "ಅಣ್ಣ, ಕಂಪ್ಯೂಟ್ರೊಳಗೆ ಕಂಪ್ಯೂಟ್ರು ಕೂರ್ಸಕ್ಕೆ ಎಲ್ಲಾ ಪ್ರೊಸೆಸರ್ರೂ ಆಗಲ್ಲ. ಹೊಸದು ತಗಳಕ್ ಮುಂಚೆ ಅಂಗಡೀಲೇ ಇದ್ರಲ್ಲಿರೋ ಪರೀಕ್ಷೆ ಪ್ರೋಗ್ರಾಮ್ ಓಡ್ಸಿ ನೋಡಿ. ಆಯ್ತದೆ ಅಂತ ತೋರ್ಸುದ್ರೆ ಮಾತ್ರ ತಗಳಿ."

ನಾನು ಕೊಳ್ಳದಿರಲೆಂದೇ ಈ ಕೊಕ್ಕೆ ಎಂದುಕೊಂಡೆ. ಹಾಸನದ ಅಂಗಡಿಯಲ್ಲಿ ಅದು ಜೇಬಿನಲ್ಲೇ ಉಳಿಯಿತು. ಅವನದಕ್ಕಿಂತ ಅಗಲದ ಪರದೆ, ನೀಲಿ ದೀಪ ಮಿನುಗುವ ಡಬ್ಬ ಆರಿಸಿದೆ. ಏನು ಕೆಲಸಕ್ಕೆಂದು ಅಂಗಡಿಯವನು ಕೇಳಿದ್ದಕ್ಕೆ, ಎಲ್ಲದಕ್ಕೂ ಎಂದೆ. ಮನೆಗೆ ತಂದು, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದ ಮೇಲೆ ಪೆನ್ ಡ್ರೈವ್ ಚುಚ್ಚಿದೆ. ಈ ಪ್ರೊಸೆಸರ್‌ಗೆ ಆ ಶಕ್ತಿಯಿಲ್ಲ ಎಂದು ಪರದೆಯ ಅಗಲಕ್ಕೂ ಬಂತು. ಹೆಂಡತಿ ಇಣುಕಿ ನೋಡಿ, "ದೀಪ ಚೆನ್ನಾಗದೆ. ದೇವ್ರಮನೇಲಿ ಇಟ್ಕಳಿ" ಅಂದಳು.

ಅದೇ ವಾರ ಹಳೇಕೋಟೆಯ ಗೌಡರೊಬ್ಬರು ಕಿರಿಮಗಳ ಮದುವೆ ಪತ್ರಿಕೆಗೆಂದು ಬಂದು, ಹಿರಿಮಗಳ ಪತ್ರಿಕೆಯೇ ಬೇಕು, ಒಂದು ಹೆಸರೂ ಹಿಂದುಮುಂದಾಗಬಾರದು ಎಂದರು. ಅವರು ಕೈಬಿಟ್ಟರೆ ಊರಿಗೆ ಊರೇ ಹೋದಂತೆ. ಸಿಡಿ ಹಿಡಿದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಪುಟ್ಟರಾಜು ನಕ್ಕರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಾಪಿ, ನಗಲೇ ಇಲ್ಲ. ಕಾಫಿ ತರಿಸಿದ, ಹೆಸರು ಬದಲಿಸಿದ, ಪ್ರಿಂಟು ತೆಗೆದುಕೊಟ್ಟ.

ವಾಪಸು ಬಸ್ಸಿನಲ್ಲಿ ಬಿಡಿಸಿ ನೋಡಿದೆ. ಪತ್ರಿಕೆಯ ಅಂಚಿನಲ್ಲಿ ಕೆಲಸ ಮಾಡಿದವರ ಅಂಗಡಿಯ ಹೆಸರಿರುವುದು ನಮ್ಮ ಕಸುಬಿನ ಹಕ್ಕು. ಅಲ್ಲಿ ನನ್ನ ಅಂಗಡಿಯ ಹೆಸರನ್ನೇ ಹಾಗೇ ಉಳಿಸಿದ್ದ. ಕಣ್ಣು ತುಂಬಿ ಬಂತೆಂದು ಬರೆದರೆ ಸುಳ್ಳಾದೀತು. ತನ್ನದನ್ನು ಹಾಕಿಕೊಂಡಿದ್ದರೆ ಬದುಕಿರುವಷ್ಟು ದಿನವೂ ಬೈಯಬಹುದಿತ್ತು. ಆ ಸುಖವನ್ನೂ ಕಿತ್ತುಕೊಂಡನಲ್ಲ ಎಂದು ಊರು ಬರುವವರೆಗೂ ಹೊಟ್ಟೆ ಉರಿಯುತ್ತಲೇ ಇತ್ತು.